ಎಳೆಯ ಹೊಂಗೆಗೆ ಕತ್ತರಿ

ಮನೆಮುಂದೆ ನೆಟ್ಟ ಹೊಂಗೆ ಆಳೆತ್ತರ ದಾಟುವ ಹೊತ್ತಿಗೆ ದಿಕ್ಕುದಿಕ್ಕಿಗೆ ಟಿಸಿಲೊಡೆದಿರುತ್ತದೆ. ಎದೆಮಟ್ಟದ ಕೊಂಬೆ ಮರ ಬೆಳೆದಂತೆಲ್ಲ ಮೇಲೇರೀತು ಎಂದು ಹಲವರು ಕಾಯುತ್ತಾರೆ. ಏರುವುದಿಲ್ಲ. ಮರ ಉದ್ದವಾಗುವುದು ಕುಡಿಗಳಲ್ಲಿ ಮಾತ್ರ. ನೆಲದಿಂದ 5 ಅಡಿಯಲ್ಲಿ ಹುಟ್ಟಿದ ಕೊಂಬೆ 50 ವರ್ಷ ಕಳೆದರೂ ಅಲ್ಲೇ ಇರುತ್ತದೆ, ದಪ್ಪವಾಗುತ್ತದೆ ಅಷ್ಟೆ. ಬೆರಳುಗಾತ್ರದಲ್ಲಿದ್ದಾಗ ಕೈಗತ್ತರಿಗೆ ಮುಗಿಯುವ ಕೆಲಸ ಆಮೇಲೆ ಏಣಿ, ಗರಗಸ, ಕೂಲಿ ಎಲ್ಲವನ್ನೂ ಕೇಳುತ್ತದೆ.

ಮೊದಲು ನೋಡಬೇಕಾದದ್ದು ಕವಲು. ಸರಿಸಮ ದಪ್ಪದ ಎರಡು ಕುಡಿಗಳು ಒತ್ತೊತ್ತಾಗಿ ಎದ್ದರೆ ನಡುವಿನ ತೊಗಟೆ ಒಳಗೇ ಸಿಕ್ಕಿಬೀಳುತ್ತದೆ. ಹೊರಗಿನಿಂದ ಒಂದಾಗಿ ಕಂಡರೂ ಒಳಗೆ ಕಟ್ಟಿಗೆಗೆ ಕಟ್ಟಿಗೆ ಬೆಸೆದಿರುವುದಿಲ್ಲ. ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಬೆಂಗಳೂರಿನಲ್ಲಿ ಕಾರುಗಳ ಮೇಲೆ ಮುರಿದು ಬೀಳುವ ಗುಲ್‌ಮೊಹರನ್ನು ಬೈಯುವವರು ಒಮ್ಮೆ ಆ ಸೀಳನ್ನೇ ಬಗ್ಗಿ ನೋಡಬೇಕು. ಎಷ್ಟೋ ಸಲ ಅಲ್ಲಿ ಹಸಿ ಮರದ ಬದಲು ಕಪ್ಪಗಾದ ಹಳೆಯ ತೊಗಟೆ ಕಾಣುತ್ತದೆ. ತಪ್ಪು ಗಾಳಿಯದಲ್ಲ, ಮೊದಲ ನಾಲ್ಕೈದು ವರ್ಷ ಯಾರೂ ತಲೆಯೆತ್ತಿ ನೋಡದೇ ಇದ್ದದ್ದು.

ಆದ್ದರಿಂದ ನೆಟ್ಟಗೆ, ಗಟ್ಟಿಯಾಗಿ ಎದ್ದಿರುವ ಒಂದು ಕುಡಿಯನ್ನು ಮುಂದಾಳಾಗಿ ಆರಿಸಿ. ಅದರೊಡನೆ ಪೈಪೋಟಿಗಿಳಿದದ್ದು ಸಪೂರವಾಗಿದ್ದರೆ ಬುಡದಲ್ಲೇ ತೆಗೆಯಿರಿ. ದಪ್ಪವಾಗಿದ್ದರೆ ಪಕ್ಕದ ರೆಂಬೆಯೊಂದರ ತನಕ ಮೊಟಕುಗೊಳಿಸಿದರೆ ಸಾಕು. ಎಲೆ ಕಳೆದುಕೊಂಡ ಕುಡಿ ನಿಧಾನವಾಗಿ ದಪ್ಪವಾಗುತ್ತದೆ, ಮುಂದಾಳು ಅದನ್ನು ಹಿಂದೆ ಹಾಕುತ್ತದೆ. ಕೊಂಬೆಯ ದಪ್ಪ ಕಾಂಡದ ಅರ್ಧವನ್ನು ಮೀರದಿದ್ದರೆ ಸಂದು ಭದ್ರ.

ಬೀದಿಬದಿಯ ಮರಕ್ಕೆ ಖಾಯಂ ಕೊಂಬೆಗಳು ಹತ್ತಡಿಯ ಆಸುಪಾಸಿನಿಂದ ಮೇಲಿರಲಿ. ಹಾಗೆಂದು ಕೆಳಗಿನವನ್ನೆಲ್ಲ ಒಂದೇ ದಿನ ಬೋಳಿಸುವುದು ನಮ್ಮಲ್ಲಿನ ದೊಡ್ಡ ಅವಾಂತರ. ಕಾಂಡದ ಕೆಳಭಾಗವನ್ನು ದಪ್ಪಗಾಗಿಸುವುದು ಆ ಎಲೆಗಳೇ. ಅವನ್ನು ಮೊದಲು ಗಿಡ್ಡಗೊಳಿಸಿ, ಎರಡು ಮೂರು ವರ್ಷಗಳಲ್ಲಿ ಒಂದೊಂದಾಗಿ ತೆಗೆಯಿರಿ. ಒಂದು ವರ್ಷದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಎಲೆ ಹೋಗಬಾರದು. ತಲೆ ಕಡಿಯುವುದಂತೂ ಬೇಡವೇ ಬೇಡ.

ಎಲ್ಲಿ ಕತ್ತರಿಸಬೇಕು? ಕೊಂಬೆ ಕಾಂಡಕ್ಕೆ ಸೇರುವಲ್ಲಿ ತುಸು ಉಬ್ಬಿದ ಪಟ್ಟಿಯೊಂದಿರುತ್ತದೆ. ಅದರ ಹೊರಅಂಚಿಗೆ ಸರಿಯಾಗಿ ಕತ್ತರಿ ಆಡಲಿ. ಮೋಟು ಉಳಿಯಬಾರದು, ಪಟ್ಟಿಗೂ ಏಟು ಬೀಳಬಾರದು. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಇದನ್ನು ತೋರಿಸುವ ಮೊದಲು, ಕಾಂಡಕ್ಕೆ ಸಮವಾಗಿ ಹೆರೆಯುವುದೇ ಶಿಸ್ತು ಎನಿಸಿತ್ತು. ಮರ ಗಾಯವನ್ನು ಒಳಗಿನಿಂದ ಗೋಡೆ ಕಟ್ಟಿ ಬೇರ್ಪಡಿಸುತ್ತದೆ, ಸುತ್ತಲಿನಿಂದ ಹೊಸ ಕಟ್ಟಿಗೆ ಬೆಳೆಸಿ ಮುಚ್ಚುತ್ತದೆ. ಮೇಲೆ ಬಳಿದ ಡಾಂಬರು ನೋಡುವವರ ಸಮಾಧಾನಕ್ಕೆ; ಕೊಳೆಯುವುದನ್ನು ಅದು ತಡೆಯದು.

ಸಂಕ್ರಾಂತಿ ಕಳೆದು ಹೊಂಗೆ ಎಲೆ ಉದುರಿಸಿದಾಗ ಕವಲುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಚಿಗುರುವ ಮುನ್ನ ಕೆಲಸ ಮುಗಿಸಿ. ಮರುವರ್ಷ ಅದೇ ಹೊತ್ತಿಗೆ ಮತ್ತೆ ನೋಡಿ. ಮೊಟಕಿದ ಕುಡಿ ಮುಂದಾಳಿನ ಎತ್ತರಕ್ಕೆ ಬಂದಿದ್ದರೆ ಇನ್ನೊಮ್ಮೆ ಮೊಟಕಿ.