ರಿಪೇರಿಯಾದ ಕಾರು, ಮತ್ತದೇ ರಿಪೇರಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ–ಜಮಖಂಡಿ ರಸ್ತೆಯಲ್ಲಿ ಕಾರಿಗೆ ಎರಡನೇ ಗೇರೇ ಗತಿ. ಮುಂದೆ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಹಿಂದೆ ಅಂಥದ್ದೇ ಇನ್ನೊಂದು, ಸುತ್ತ ಎರೆಮಣ್ಣಿನ ಧೂಳು. ಹತ್ತು ಹನ್ನೆರಡು ವರ್ಷ ಓಡಿದ ಗಾಡಿಯ ಕ್ಲಚ್ಚು, ರೇಡಿಯೇಟರ್, ಏರ್ ಫಿಲ್ಟರ್‌ಗಳ ತಾಕತ್ತು ಗೊತ್ತಾಗುವುದು ಆಗಲೇ. ಬೀಳಗಿ, ರಬಕವಿ-ಬನಹಟ್ಟಿ ಕಡೆಯವರು ದೊಡ್ಡ ಕೆಲಸ ಬಂದಾಗ ಬಾಗಲಕೋಟೆ, ವಿಜಯಪುರ, ಬೆಳಗಾವಿ ಇಲ್ಲವೇ ಹುಬ್ಬಳ್ಳಿಯ ಶೋರೂಮಿಗೆ ಗಾಡಿ ಒಯ್ಯುವುದುಂಟು. ಬಿಡಲು ಒಂದು ದಿನ ಹಾಳು, ತರಲು ಇನ್ನೊಂದು ದಿನ. ಬಿಲ್ಲು ಕಟ್ಟಿ ಊರು ಮುಟ್ಟುವುದರೊಳಗೆ ಅದೇ ಸದ್ದು, ಅದೇ ಹಳದಿ ದೀಪ ಮತ್ತೆ ಕಾಣಿಸಿಕೊಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಮರಳಿ ಹೋದವರಿಗೆ ಕೌಂಟರಿನಲ್ಲಿ ಸಿದ್ಧವಾಗಿರುವ ಉತ್ತರ ಒಂದಿದೆ: “ಗಾಡಿ ಹಳೇದಾತಲ್ರೀ, ವಾರಂಟಿ ಯಾವಾಗೋ ಮುಗದೈತಿ.”

ಮಾತು ಸುಳ್ಳಲ್ಲ, ಆದರೆ ಕೇಳಿದ್ದಕ್ಕೆ ಉತ್ತರವೂ ಅಲ್ಲ. ವಾರಂಟಿ ಎಂಬುದು ಕಾರು ಮಾರುವಾಗ ಕಂಪನಿ ಕೊಟ್ಟ ಮಾತು. ಇಷ್ಟು ವರ್ಷ, ಇಷ್ಟು ಕಿಲೋಮೀಟರ್ ಎಂದು ಅದಕ್ಕೊಂದು ಗಡಿಯಿದೆ. ದುಡ್ಡು ಪಡೆದು ಮಾಡಿದ ರಿಪೇರಿಯ ವ್ಯವಹಾರವೇ ಬೇರೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅದೊಂದು ಸೇವೆ. ಆ ಸೇವೆಯ ಗುಣಮಟ್ಟದಲ್ಲಿ, ಕೆಲಸ ಮಾಡಿದ ರೀತಿಯಲ್ಲಿ ಕೊರತೆಯಿದ್ದರೆ ಅದು ಸೇವಾ ನ್ಯೂನತೆ. ಕಾರು 2 ವರ್ಷದ್ದೋ 12 ವರ್ಷದ್ದೋ ಎಂದು ಕಾಯ್ದೆ ಕೇಳುವುದಿಲ್ಲ. ಕಳೆದ ತಿಂಗಳು ಹಣ ಕಟ್ಟಿ ಮಾಡಿಸಿದ ಕೆಲಸ ನಿಂತಿತೋ ಇಲ್ಲವೋ ಎಂಬುದಷ್ಟೇ ಅಲ್ಲಿ ಪ್ರಶ್ನೆ.

ಹಾಗೆಂದು ಕೆಟ್ಟ ರಿಪೇರಿಗೆ ಹೊಸ ಕಾರು ಕೇಳಿದರೆ ಸಿಗುವುದಿಲ್ಲ. ಮಾರುತಿ ಉದ್ಯೋಗ್ ಕಂಪನಿಯ ಕಾರೊಂದರ ಕ್ಲಚ್ ತೊಂದರೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಇಡೀ ಗಾಡಿಯನ್ನೇ ಬದಲಿಸಿ ಕೊಡಬೇಕೆಂಬ ಆದೇಶವನ್ನು ಕೋರ್ಟ್ 2006ರಲ್ಲಿ ಒಪ್ಪಲಿಲ್ಲ. ದೋಷವಿರುವ ಭಾಗದ ಮಟ್ಟಿಗೆ ಪರಿಹಾರ ಸಾಕು ಎಂದಿತು. ಹಳೆಯ ಕಾರಿನವರು ನ್ಯಾಯವಾಗಿ ಕೇಳಬಹುದಾದದ್ದು ಮೂರು: ಅದೇ ಕೆಲಸವನ್ನು ದುಡ್ಡಿಲ್ಲದೆ ಸರಿಮಾಡಿ ಕೊಡುವುದು, ಕೆಲಸಕ್ಕೆ ಬಾರದ ರಿಪೇರಿಯ ಹಣ ಹಿಂತಿರುಗಿಸುವುದು, ಅಲೆದಾಟಕ್ಕೆ ಪರಿಹಾರ.

ಇನ್ನು ದೋಷ ಹುಡುಕುವ ಕೆಲಸ. ಇಲ್ಲಿ ಎಲ್ಲ ತಪ್ಪೂ ಮೋಸವಲ್ಲ. ಬಿಎಸ್-4 ಮಾಲಿನ್ಯ ಮಾನದಂಡದ ಕಾರುಗಳಿಗೆ 2013ರ ಏಪ್ರಿಲ್‌ನಿಂದ ಎಂಜಿನ್ನಿನ ದೋಷ ತಾನೇ ಗುರುತಿಸುವ ಒಬಿಡಿ-2 ಎಂಬ ವ್ಯವಸ್ಥೆ ಕಡ್ಡಾಯವಾಗಿದೆ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಎಂಜಿನ್ನಿನ ಕಂಪ್ಯೂಟರ್ ಒಂದು ಕೋಡ್ ತೋರಿಸುತ್ತದೆ. ‘ಪಿ0171’ ಬಂತೆನ್ನಿ. ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಪೆಟ್ರೋಲು ಕಡಿಮೆಯಾಗಿದೆ ಎಂದು ಅದರ ಅರ್ಥ. ಯಾವ ಪಾರ್ಟು ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ಬಿರುಕು ಬಿಟ್ಟ ರಬ್ಬರ್ ಪೈಪಿನಿಂದ ಗಾಳಿ ಒಳನುಗ್ಗುತ್ತಿರಬಹುದು, ಗಾಳಿ ಅಳೆಯುವ ಸೆನ್ಸರ್ ಧೂಳು ಹಿಡಿದಿರಬಹುದು, ಪೆಟ್ರೋಲ್ ಪಂಪಿನ ಒತ್ತಡ ಕುಗ್ಗಿರಬಹುದು, ಇಂಜೆಕ್ಟರ್ ಕಟ್ಟಿಕೊಂಡಿರಬಹುದು. ಒಂದೊಂದನ್ನೂ ಪರೀಕ್ಷಿಸಲು ತಾಳ್ಮೆ ಬೇಕು. ಅದಿಲ್ಲದವರು ಆಕ್ಸಿಜನ್ ಸೆನ್ಸರ್ ಬದಲಿಸಿ, ಕೋಡ್ ಅಳಿಸಿ, ಗಾಡಿ ಕೊಟ್ಟು ಕಳಿಸುತ್ತಾರೆ. ಅಳಿಸಿದ ತಕ್ಷಣ ದೀಪ ಆರುತ್ತದೆ. ಗಾಡಿ ಓಡಿದಂತೆ ಕಂಪ್ಯೂಟರ್ ಮತ್ತೆ ಅದೇ ಲೆಕ್ಕ ಹಾಕಿ ದೀಪ ಹೊತ್ತಿಸುತ್ತದೆ. ಮುಂದಿನ ಸಲ ಪಂಪು, ಅದರ ಮುಂದಿನ ಸಲ ಇಂಜೆಕ್ಟರ್. ಬಿಲ್ಲು ಬೆಳೆಯುತ್ತ ಹೋಗುತ್ತದೆ, ಬಿರುಕು ಬಿಟ್ಟ ಪೈಪು ಇದ್ದಲ್ಲೇ ಇರುತ್ತದೆ.

ಹೀಗಾಗಿ ರಿಪೇರಿಗೆ ಮುಂಚಿನ ಸ್ಕ್ಯಾನ್ ಮತ್ತು ನಂತರದ ಸ್ಕ್ಯಾನ್ ಎರಡರ ಪ್ರಿಂಟನ್ನೂ ಕೇಳಿ ಪಡೆಯಬೇಕು. ಪ್ರಿಂಟ್ ಸಿಗದಿದ್ದರೆ ಪರದೆಯ ಫೋಟೊ ಆದರೂ ಸರಿ. ಬಿಚ್ಚಿದ ಹಳೆಯ ಪಾರ್ಟುಗಳನ್ನೂ ಕೇಳಿ ತೆಗೆದುಕೊಳ್ಳಬೇಕು.

ಇವೆಲ್ಲಕ್ಕಿಂತ ಬೆಲೆಬಾಳುವುದು ಜಾಬ್ ಕಾರ್ಡ್. ಗಾಡಿ ಒಳಗೆ ಬಿಟ್ಟಾಗ ಸರ್ವಿಸ್ ಅಡ್ವೈಸರ್ ಬರೆಯುವ ಈ ಹಾಳೆಯಲ್ಲಿ ಗ್ರಾಹಕರ ದೂರಿಗೆಂದು ಜಾಗವಿರುತ್ತದೆ. ಅವಸರದಲ್ಲಿ ಅಲ್ಲಿ ‘ಜನರಲ್ ಚೆಕಪ್’ ಎಂದು ಬರೆದುಬಿಟ್ಟರೆ, ಮೂರು ಸಲ ಬಂದು ಹೋದದ್ದಕ್ಕೆ ಕಾಗದದ ಮೇಲೆ ಗುರುತೇ ಉಳಿಯುವುದಿಲ್ಲ. ‘ಅರ್ಧ ತಾಸು ಓಡಿದ ಮೇಲೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತದೆ, ಹಿಂದಿನ ಜಾಬ್ ಕಾರ್ಡಿನಲ್ಲೂ ಇದೇ ದೂರು’ ಎಂದು ಹಳೆಯ ಕಾರ್ಡಿನ ನಂಬರ್ ಸಮೇತ ಬರೆಸಿದರೆ ಅದೇ ಮುಂದೆ ಸಾಕ್ಷಿ. 2021ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿರುವಂತೆ, ಸೇವಾ ನ್ಯೂನತೆಯನ್ನು ರುಜುವಾತು ಮಾಡುವ ಹೊಣೆ ದೂರುದಾರರದ್ದೇ. ಬಿಲ್ಲು ಕೊಡದಿರುವುದನ್ನೂ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. “ಬಿಲ್ ಬ್ಯಾಡಂದ್ರ ಸ್ವಲ್ಪ ಕಡಿಮಿ ಮಾಡ್ತೀವ್ರಿ” ಎಂಬ ಮಾತಿಗೆ ಒಪ್ಪಿದರೆ ಮುಂದೆ ಕೇಳುವ ಬಾಯಿಯೇ ಕಟ್ಟಿಹೋಗುತ್ತದೆ.

ಶೋರೂಮಿನವರ ಕಡೆಗೂ ನ್ಯಾಯವಿದೆ. ಹಳೆಯ ಮಾಡೆಲ್ಲುಗಳ ಪಾರ್ಟು ಸುಲಭಕ್ಕೆ ಸಿಗುವುದಿಲ್ಲ. ಹಿಂದೆ ಯಾರೋ ಹಾಕಿದ ಡೂಪ್ಲಿಕೇಟ್ ಪಾರ್ಟಿನ ಫಲವನ್ನು ಇವರು ಉಣ್ಣಬೇಕಾಗುತ್ತದೆ. ಅಂಥ ಗಾಡಿ ಸರಿಹೋಗುವ ಭರವಸೆ ಇಲ್ಲದಿದ್ದರೆ ಎಸ್ಟಿಮೇಟಿನಲ್ಲೇ ಹಾಗೆಂದು ಬರೆದುಕೊಡುವ ದಾರಿ ಅವರಿಗಿದೆ. ಇನ್ನು ಊರಿನ ಗ್ಯಾರೇಜಿನವರ ಕಷ್ಟ ಬೇರೆ. ಅಸಲಿ ಪಾರ್ಟು, ಸ್ಕ್ಯಾನರ್‌ಗಳನ್ನು ಸ್ವತಂತ್ರ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿ ಹೋದವು. ರಿಪೇರಿಯ ಮಾಹಿತಿ ಎಲ್ಲರಿಗೂ ಸಿಗಲೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ತೆರೆದ ‘ರೈಟ್ ಟು ರಿಪೇರ್’ ಪೋರ್ಟಲ್ಲಿನಲ್ಲಿ ವಾಹನಗಳಿಗೂ ಒಂದು ವಿಭಾಗವಿದೆ.

ಶೋರೂಮಿನವರು ಬಾಯಿಮಾತಿಗೆ ಬಗ್ಗದಿದ್ದರೆ ಜಾಬ್ ಕಾರ್ಡು, ಬಿಲ್ಲುಗಳ ಪ್ರತಿ ಲಗತ್ತಿಸಿ, ಇಂತಿಷ್ಟು ದಿನದೊಳಗೆ ಸರಿಮಾಡಿ ಕೊಡಿ ಎಂದು ಶೋರೂಮಿಗೂ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕುವುದು ಮೊದಲ ಹೆಜ್ಜೆ. ಇಬ್ಬರಿಗೂ ಬರೆಯಬೇಕು, ಆದರೆ ಇಬ್ಬರೂ ಒಂದೇ ಎಂದು ಭಾವಿಸಬಾರದು. ಹಳೆಯ ವರ್ಷದ ಕಾರನ್ನು ಹೊಸದೆಂದು ಮಾರಿದ ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಡೀಲರನ ತಪ್ಪನ್ನು ಟಾಟಾ ಮೋಟಾರ್ಸ್ ತಲೆಗೆ ಕಟ್ಟಲು ಒಪ್ಪಲಿಲ್ಲ. ಕಂಪನಿಗೆ ಅದು ಗೊತ್ತಿತ್ತೆಂದು ತೋರಿಸಬೇಕು ಎಂದಿತು. ಕಂಪನಿಗೂ ಪತ್ರ ಮುಟ್ಟಿದ್ದರೆ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನಲು ಬರುವುದಿಲ್ಲ.

ಮುಂದಿನ ಹೆಜ್ಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗ. ಹೊಸ ಕಾಯ್ದೆ ಈ ಭಾಗದವರಿಗೆ ಮಾಡಿದ ದೊಡ್ಡ ಉಪಕಾರ ಇಲ್ಲಿದೆ. ಗಾಡಿ ಹುಬ್ಬಳ್ಳಿಯಲ್ಲಿ ರಿಪೇರಿಯಾಗಿರಲಿ, ಗಡಿಯಾಚೆಯ ಸಾಂಗಲಿಯಲ್ಲೇ ಆಗಿರಲಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ದೂರು ದಾಖಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗಲು ಅರ್ಜಿ ಹಾಕಿಕೊಳ್ಳಬಹುದು. ವ್ಯಾಪಾರದ ಉದ್ದೇಶಕ್ಕೆ ಪಡೆದ ಸೇವೆ ಈ ಕಾಯ್ದೆಯಡಿ ಬರುವುದಿಲ್ಲವಾದರೂ, ಹೊಟ್ಟೆಪಾಡಿಗೆ ಒಂದೇ ಟ್ಯಾಕ್ಸಿ ತಾನೇ ಓಡಿಸಿಕೊಂಡಿರುವವನನ್ನು ಅದು ಹೊರಗಿಟ್ಟಿಲ್ಲ.

ದೂರು ಸಲ್ಲಿಸಲು ಗಡುವು 2 ವರ್ಷ. ಪರೀಕ್ಷೆ ಬೇಡದ ದೂರುಗಳನ್ನು 3 ತಿಂಗಳಲ್ಲಿ, ಪರೀಕ್ಷೆ ಬೇಕಾದವನ್ನು 5 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುವುದೂ ಉಂಟು. ಸೋತವರು 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು. ಹಣ ಕೊಡಬೇಕೆಂಬ ಆದೇಶವಾಗಿದ್ದರೆ ಅದರ ಅರ್ಧವನ್ನು ಮೊದಲು ಠೇವಣಿ ಇಡಬೇಕು.

ಈ ಕಾಲದ ಲೆಕ್ಕದಲ್ಲಿ ಗಾಡಿಯ ವಯಸ್ಸನ್ನೂ ಸೇರಿಸಿಕೊಳ್ಳಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಕೆಎ-48 ಗಾಡಿಯಾದರೆ ಜಮಖಂಡಿಯ ಸಾರಿಗೆ ಕಚೇರಿಯಲ್ಲಿ ತಪಾಸಣೆ ಮಾಡಿಸಿ ನವೀಕರಿಸಬೇಕು. 600 ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ. ಹದಿಮೂರು ಹದಿನಾಲ್ಕು ವರ್ಷದ ಕಾರಿಗೆ ರಿಪೇರಿ ಬಿಲ್ಲುಗಳ ಮೊತ್ತ ಸೆಕೆಂಡ್ ಹ್ಯಾಂಡ್ ಬೆಲೆಯನ್ನು ಸಮೀಪಿಸಿದೆ ಎಂದಾದರೆ, ರಿಪೇರಿಯ ಹಣ ಮರಳಿ ಕೇಳಿ ಗಾಡಿಯನ್ನು ಇದ್ದಂತೆಯೇ ಮಾರುವುದು ಲಾಭದ ದಾರಿ. ಆದರೆ ಮಾರುವ ಮುಂಚೆ ಬೇರೊಬ್ಬ ನುರಿತ ಮೆಕ್ಯಾನಿಕ್‌ನಿಂದ ತಪಾಸಣೆಯ ಬರಹ ಪಡೆದಿಟ್ಟುಕೊಳ್ಳಬೇಕು. ದೂರು ಆಗಲೇ ಆಯೋಗದ ಮುಂದಿದ್ದರೆ, ಗಾಡಿಯ ಪರೀಕ್ಷೆ ಮುಗಿಯುವ ತನಕ ಮಾರಬಾರದು.