ದೋಣಿ ಹತ್ತಿದ ನಾಯಿ, ದಡ ಮುಟ್ಟಿದ ವೈರಸ್

ಹೊಗೇನಕಲ್ ಬಳಿ ಕಾವೇರಿಯ ಒಂದು ದಡ ಚಾಮರಾಜನಗರ ಜಿಲ್ಲೆಯದು, ಎದುರಿನ ದಡ ತಮಿಳುನಾಡಿನ ಧರ್ಮಪುರಿಯದು. ಈ ದಡದ ನಾಯಿಯೊಂದು ಯಜಮಾನನ ಹಿಂದೆಯೇ ತೆಪ್ಪಕ್ಕೆ ಹಾರಿ ಕೂತು, ಆಚೆ ದಡ ಸುತ್ತಾಡಿ ಸಂಜೆಗೆ ಮನೆಗೆ ಮರಳಿದರೆ ಅದು ಸುದ್ದಿಯೇ ಅಲ್ಲ. ಆದರೆ ಅದೇ ನಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಗುಂಡ್ಲುಪೇಟೆ, ವಯನಾಡು ದಾಟಿ ಕೊಚ್ಚಿಗೆ ಇಳಿದು ಲಕ್ಷದ್ವೀಪದ ಹಡಗು ಹತ್ತಿಸಲು ಹೋದರೆ ಪ್ರವಾಸ ಬಂದರಿನಲ್ಲೇ ಮುಗಿಯುತ್ತದೆ. ಲಕ್ಷದ್ವೀಪದಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ. ಇಡೀ ಭಾರತದಲ್ಲಿ ರೇಬೀಸ್ ನೆಲೆಯೂರದ ಜಾಗಗಳೆಂದು ವೈದ್ಯರು ಹೆಸರಿಸುತ್ತ ಬಂದಿರುವುದು ಎರಡನ್ನೇ: ಲಕ್ಷದ್ವೀಪ ಮತ್ತು ಅಂಡಮಾನ್-ನಿಕೋಬಾರ್. ಎರಡೂ ಸಮುದ್ರದ ನಡುವಿನ ದ್ವೀಪಗಳು.

ನೀರು ಸುತ್ತುವರಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ನಮ್ಮ ಚಾಮರಾಜನಗರ ಜಿಲ್ಲೆಯ ಶಿವನಸಮುದ್ರವೂ ದ್ವೀಪವೇ. ಕಾವೇರಿ ಅಲ್ಲಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ನಾಯಿ ಆ ಕವಲನ್ನು ಈಜಿ ದಾಟಬಲ್ಲದು. ಅದಕ್ಕೂ ಬೇಸರವಾದರೆ 19ನೇ ಶತಮಾನದಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದ ಕಲ್ಲಿನ ಸೇತುವೆಯಿದೆ. ರೇಬೀಸ್‌ಗೆ ನಿಜವಾದ ತಡೆಯಾಗುವುದು ನಾಯಿ ಈಜಲಾಗದಷ್ಟು ಅಗಲದ ನೀರು. ಅಂಥ ನೀರನ್ನೂ ದಾಟಲು ವೈರಸ್‌ಗಿರುವ ಮುಖ್ಯ ದಾರಿ ಮನುಷ್ಯನ ದೋಣಿ.

ಇಂಡೋನೇಷ್ಯಾದ ಫ್ಲೋರೆಸ್ ದ್ವೀಪ ಇದನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 1997ರ ಸೆಪ್ಟೆಂಬರ್‌ನಲ್ಲಿ ಸುಲಾವೆಸಿ ಕಡೆಯ ಬುಟೋನ್ ದ್ವೀಪದಿಂದ ಲಾರಂತುಕ ಬಂದರಿಗೆ ದೋಣಿಯಲ್ಲಿ ಮೂರು ನಾಯಿಗಳು ಬಂದಿಳಿದವು. ಅಲ್ಲಿಯವರೆಗೆ ಫ್ಲೋರೆಸ್‌ನಲ್ಲಿ ರೇಬೀಸ್ ಇರಲಿಲ್ಲ. ಮುಂದಿನ ಆರೇಳು ವರ್ಷಗಳಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಜನ ಈ ರೋಗದಿಂದ ಸತ್ತರು. ರೋಗ ತಡೆಯಲೆಂದು ದ್ವೀಪದ ಸುಮಾರು ಅರ್ಧದಷ್ಟು ನಾಯಿಗಳನ್ನು ಕೊಲ್ಲಲಾಯಿತು. ಅಷ್ಟಾದರೂ ರೋಗ ನಿಲ್ಲಲಿಲ್ಲ. ಕೊಲ್ಲುವವರು ಬರುತ್ತಾರೆಂದು ಗೊತ್ತಾದರೆ ಜನ ತಮ್ಮ ನಾಯಿಯನ್ನು ಬೇರೆ ಊರಿಗೆ ಸಾಗಿಸುತ್ತಾರೆ, ವೈರಸ್ ಕೂಡ ಜೊತೆಗೆ ಹೋಗುತ್ತದೆ. ಸತ್ತ ನಾಯಿಯ ಜಾಗಕ್ಕೆ ಲಸಿಕೆ ಕಾಣದ ಹೊಸ ಮರಿ ಬರುತ್ತದೆ. 2008ರ ಕೊನೆಯಲ್ಲಿ ರೋಗ ಬಾಲಿ ದ್ವೀಪದಲ್ಲೂ ಕಾಣಿಸಿಕೊಂಡಿತು.

ದೋಣಿಯಲ್ಲಿ ಬಂದ ನಾಯಿಗಳನ್ನು ಬಂದರಿನಲ್ಲೇ ಯಾರಾದರೂ ಪರೀಕ್ಷಿಸಬಾರದಿತ್ತೇ ಎಂದು ಕೇಳಬಹುದು. ಪರೀಕ್ಷಿಸಿದ್ದರೂ ಗೊತ್ತಾಗುತ್ತಿದ್ದುದು ಅನುಮಾನ. ಕಚ್ಚಿದ ಗಾಯದ ಮೂಲಕ ಒಳಹೊಕ್ಕ ರೇಬೀಸ್ ವೈರಸ್ ಹೆಚ್ಚಿನ ಸೋಂಕುಗಳ ಹಾಗೆ ರಕ್ತದಲ್ಲಿ ಹರಡುವುದಿಲ್ಲ. ಗಾಯದ ಬಳಿಯ ಸ್ನಾಯುವಿನಲ್ಲಿ ಕೆಲಕಾಲ ತಂಗಿ, ನರದ ತುದಿಯನ್ನು ಹಿಡಿದು, ನರದೊಳಗಿನ ಸಾಗಣೆ ವ್ಯವಸ್ಥೆಯನ್ನೇ ಬಳಸಿಕೊಂಡು ಮಿದುಳಿನತ್ತ ಹೊರಡುತ್ತದೆ. ಅದರ ವೇಗ ದಿನಕ್ಕೆ ಕೆಲವೇ ಸೆಂಟಿಮೀಟರ್. ಹಾಗಾಗಿ ಕಾಲಿಗೆ ಕಚ್ಚಿಸಿಕೊಂಡ ನಾಯಿಗೆ ರೋಗ ತಡವಾಗಿ, ಮುಖಕ್ಕೆ ಕಚ್ಚಿಸಿಕೊಂಡದ್ದಕ್ಕೆ ಬೇಗ ಬರುತ್ತದೆ. ನಾಯಿಗಳಲ್ಲಿ ಈ ಸುಪ್ತಾವಧಿ ಸಾಮಾನ್ಯವಾಗಿ ಮೂರರಿಂದ ಎಂಟು ವಾರ, ಅಪರೂಪಕ್ಕೆ ಆರು ತಿಂಗಳು. ಅಷ್ಟೂ ದಿನ ನಾಯಿ ಉಂಡು, ಬಾಲ ಆಡಿಸಿ, ಚೆಂಡಿನ ಹಿಂದೆ ಓಡುತ್ತದೆ. ರಕ್ತ ತೆಗೆದು ನೋಡಿದರೂ ವೈರಸ್ ಸಿಗುವುದಿಲ್ಲ. ಮಿದುಳು ತಲುಪಿ ಬೆಳೆದ ಮೇಲೆ ಅದು ಜೊಲ್ಲು ಗ್ರಂಥಿಗಳಿಗೆ ಇಳಿಯುತ್ತದೆ. ಲಕ್ಷಣ ಕಾಣುವ ಕೆಲವು ದಿನ ಮೊದಲೇ ನಾಯಿಯ ಜೊಲ್ಲಿನಲ್ಲಿ ವೈರಸ್ ಇರಬಹುದು.

ಈ ಮಾತು ಬಂದಾಗ ನಮ್ಮ ಕಡೆ ಬೇರೂರಿರುವ ಒಂದು ನಂಬಿಕೆಯನ್ನೂ ತಿದ್ದಬೇಕು. ಹುಚ್ಚುನಾಯಿ ನೀರಿಗೆ ಹೆದರುತ್ತದೆ, ಆದ್ದರಿಂದ ನೀರಿಗಿಳಿದ ನಾಯಿಗೆ ರೋಗವಿಲ್ಲ ಎಂದು ಜನ ಹೇಳುವುದುಂಟು. ನೀರು ಕಂಡರೆ ಗಂಟಲು ಬಿಗಿದು ನಡುಗುವುದು ರೋಗ ಬಂದ ಮನುಷ್ಯರ ಲಕ್ಷಣ. ರೋಗಪೀಡಿತ ನಾಯಿ ನೀರಿಗೆ ಬಾಯಿ ಹಾಕಬಹುದು, ಈಜಲೂ ಬಹುದು. ಅದೇ ರೀತಿ, ದೋಣಿಯಿಂದ ಇಳಿದ ನಾಯಿ ಜೊಲ್ಲು ಸುರಿಸಿ, ವಾಂತಿ ಮಾಡಿ, ಸ್ವಲ್ಪ ತೂರಾಡಿದರೆ ಅದು ರೇಬೀಸ್ ಎಂದು ಗಾಬರಿಯಾಗಬೇಕಿಲ್ಲ. ದೋಣಿ ಓಲಾಡುವಾಗ ಒಳಕಿವಿಯ ಸಮತೋಲನದ ಅಂಗ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ತಾಳೆಯಾಗದೆ ಮಿದುಳು ಗಲಿಬಿಲಿಗೊಳ್ಳುತ್ತದೆ. ಮರಿಗಳಲ್ಲಿ ಇದು ಹೆಚ್ಚು. ನೆಲದ ಮೇಲೆ ಸ್ವಲ್ಪ ಹೊತ್ತು ವಿಶ್ರಮಿಸಿದರೆ ತಾನಾಗಿ ಸರಿಹೋಗುತ್ತದೆ. ಕೆಳದವಡೆ ಜೋತುಬಿದ್ದರೆ, ಬೊಗಳುವ ದನಿ ಬದಲಾದರೆ, ಸಾಧುವಾದ ನಾಯಿ ಕಾರಣವಿಲ್ಲದೆ ಎಗರಿದರೆ ಅಥವಾ ಕತ್ತಲ ಮೂಲೆ ಸೇರಿದರೆ ಮಾತ್ರ ದೂರ ಸರಿದು ಪಶುವೈದ್ಯರನ್ನು ಕರೆಯಬೇಕು.

ಕಣ್ಣಿಗೆ ಕಾಣದ ಈ ಸುಪ್ತಾವಧಿಗೆ ಬ್ರಿಟನ್ ಕಂಡುಕೊಂಡ ಉತ್ತರ ಕಾಯುವುದು. 1902ರಲ್ಲಿ ಆ ದ್ವೀಪರಾಷ್ಟ್ರ ರೇಬೀಸ್‌ನಿಂದ ಮುಕ್ತವಾಯಿತು. ಒಂದನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಯುರೋಪಿನಿಂದ ಹಡಗಿನಲ್ಲಿ ಮನೆಗೆ ಮರಳಿದ ಸೈನಿಕರ ಜೊತೆ ಕದ್ದುಮುಚ್ಚಿ ನಾಯಿಗಳೂ ಬಂದವು. 1918ರಲ್ಲಿ ರೋಗ ಮತ್ತೆ ಹಬ್ಬಿತು, ಅದನ್ನು ಅಳಿಸಲು 1922ರವರೆಗೆ ಹೆಣಗಬೇಕಾಯಿತು. ಆಮೇಲೆ ಹೊರಗಿಂದ ಬಂದ ಪ್ರತಿ ನಾಯಿಗೂ ಆರು ತಿಂಗಳ ಕ್ವಾರಂಟೈನ್ ಕಡ್ಡಾಯವಾಗಿ ದಶಕಗಳ ಕಾಲ ನಡೆಯಿತು. ಆರು ತಿಂಗಳು ಎಂಬ ಲೆಕ್ಕ ನಾಯಿಯಲ್ಲಿ ವೈರಸ್ ಅಡಗಿರಬಹುದಾದ ದೀರ್ಘ ಅವಧಿಗೆ ಹೊಂದುವಂಥದ್ದು.

2000ದಲ್ಲಿ ಆ ಕ್ವಾರಂಟೈನಿನ ಬಾಗಿಲು ತೆರೆಯಿತು. ಮೈಕ್ರೋಚಿಪ್ ಹಾಕಿಸಿ, ಲಸಿಕೆ ಕೊಡಿಸಿ, ರೋಗನಿರೋಧಕ ಪ್ರತಿಕಾಯಗಳು ಸಾಕಷ್ಟಿವೆ ಎಂದು ರಕ್ತಪರೀಕ್ಷೆಯಿಂದ ತೋರಿಸಿದರೆ ನಾಯಿ ಒಳಬರಬಹುದಾಯಿತು. ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕ ಅದಕ್ಕೆ ಮಾನದಂಡ. ಇಂದು ಲಂಡನ್‌ನ ಕನ್ನಡ ಕುಟುಂಬವೊಂದು ನಾಯಿಯ ಜೊತೆ ಫ್ರಾನ್ಸ್ ಸುತ್ತಿ ಹಡಗಿನಲ್ಲಿ ಡೋವರ್‌ಗೆ ಮರಳುವಾಗ ಇನ್ನೂ ಒಂದು ಕೆಲಸವಿರುತ್ತದೆ. ದಡ ಸೇರುವ 24ರಿಂದ 120 ಗಂಟೆಗಳ ಮೊದಲು ಪಶುವೈದ್ಯರು ನಾಯಿಗೆ ಲಾಡಿಹುಳುವಿನ ಔಷಧ ಕೊಟ್ಟಿರಬೇಕು. ಯುರೋಪಿನ ನರಿಗಳಲ್ಲಿರುವ, ಮನುಷ್ಯರ ಪಿತ್ತಜನಕಾಂಗದಲ್ಲಿ ಗಡ್ಡೆ ಕಟ್ಟುವ ಒಂದು ಪುಟ್ಟ ಲಾಡಿಹುಳು ಬ್ರಿಟನ್‌ನಲ್ಲಿಲ್ಲ. ಅದು ಬರದಂತೆ ಈ ಎಚ್ಚರ. ಆ ಕುಟುಂಬ ನಾಯಿಯೊಂದಿಗೆ ಕರ್ನಾಟಕಕ್ಕೆ ಬಂದುಹೋಗುವುದಾದರೆ ಲಸಿಕೆಯನ್ನೂ ರಕ್ತಪರೀಕ್ಷೆಯನ್ನೂ ಹೊರಡುವ ಮೊದಲೇ ಮುಗಿಸಿಕೊಳ್ಳುವುದು ಜಾಣತನ. ಇಲ್ಲಿಗೆ ಬಂದ ಮೇಲೆ ರಕ್ತ ಕೊಟ್ಟರೆ ಮರಳಲು ಮೂರು ತಿಂಗಳು ಕಾಯಬೇಕು.

ದ್ವೀಪಗಳಿಗೆ ಈ ಸೌಕರ್ಯವಿದೆ. ಸುತ್ತ ನೆಲವೇ ಇರುವ ಗುಂಡ್ಲುಪೇಟೆ ಏನು ಮಾಡಬೇಕು? ಇಲ್ಲಿಂದ ಒಂದು ಹೆದ್ದಾರಿ ವಯನಾಡಿಗೆ, ಇನ್ನೊಂದು ಊಟಿಗೆ ಹೋಗುತ್ತದೆ. ಮೂರು ರಾಜ್ಯಗಳ ಬೀದಿನಾಯಿಗಳಿಗೆ ಗಡಿಯ ಪರಿವೆಯಿಲ್ಲ. ಉತ್ತರ ವೈರಸ್ಸಿನ ದೌರ್ಬಲ್ಯದಲ್ಲೇ ಇದೆ. ದಡಾರದ ಒಬ್ಬ ರೋಗಿ, ಯಾರಿಗೂ ಲಸಿಕೆಯಿಲ್ಲದ ಕಡೆ, ಹತ್ತಕ್ಕೂ ಹೆಚ್ಚು ಜನರಿಗೆ ಸೋಂಕು ಹಂಚಬಲ್ಲ. ಹುಚ್ಚು ಹಿಡಿದ ನಾಯಿ ಸಾಯುವ ಮೊದಲು ಸರಾಸರಿ ಎರಡಕ್ಕಿಂತ ಕಡಿಮೆ ನಾಯಿಗಳಿಗಷ್ಟೇ ರೋಗ ದಾಟಿಸುತ್ತದೆ. ಲೆಕ್ಕದ ಪ್ರಕಾರ ಅರ್ಧದಷ್ಟು ನಾಯಿಗಳಿಗೆ ಲಸಿಕೆಯಾದರೂ ಸರಪಳಿ ಕಡಿಯಬೇಕು. ಆದರೆ ನಾಯಿಗಳ ಆಯುಸ್ಸು ಕಡಿಮೆ, ಮರಿಗಳು ಹುಟ್ಟುತ್ತಲೇ ಇರುತ್ತವೆ. ಆ ಕೊರತೆ ತುಂಬಲು ಶೇ. 70ರಷ್ಟು ನಾಯಿಗಳಿಗೆ ಲಸಿಕೆ ಹಾಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಲಿಯಲ್ಲಿ ರೋಗ ಇಳಿಯತೊಡಗಿದ್ದು 2010ರಿಂದ ಇಡೀ ದ್ವೀಪದಲ್ಲಿ ಲಸಿಕೆ ಹಾಕತೊಡಗಿದ ಮೇಲೆ. ಗೋವಾಕ್ಕೆ ಮೂರು ಕಡೆ ನೆಲದ ಗಡಿಯೇ ಇದೆ. ಅಲ್ಲೂ ವರ್ಷ ವರ್ಷ ಬೀದಿಬೀದಿ ಅಲೆದು ಬಲೆಯಲ್ಲಿ ನಾಯಿ ಹಿಡಿದು ಲಸಿಕೆ ಹಾಕಿದ್ದರಿಂದ ರೇಬೀಸ್ ಹತೋಟಿಗೆ ಬಂತು. ಪ್ರಕೃತಿ ಕೊಡದ ಸಮುದ್ರವನ್ನು ಲಸಿಕೆಯಿಂದ ತೋಡಿಕೊಳ್ಳುವುದು ಎಂದರೆ ಇದೇ.

ಈ ಜಿಲ್ಲೆಗೆ ಅದರ ಅಗತ್ಯ ಇನ್ನೊಂದು ಕಾರಣಕ್ಕೂ ಹೆಚ್ಚು. ಬಂಡೀಪುರದ ಅಂಚಿನ ಊರುಗಳ ನಾಯಿಗಳು ದನಗಾಹಿಗಳ ಜೊತೆ ಕಾಡಂಚಿಗೆ ಹೋಗಿಬರುತ್ತವೆ. ಆ ಕಾಡಿನಲ್ಲೇ 1970ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಎ.ಜೆ.ಟಿ. ಜಾನ್‌ಸಿಂಗ್ ಸೀಳುನಾಯಿಗಳನ್ನು ಅಭ್ಯಸಿಸಿದರು. ಮೈಸೂರಿನ ಕೃಪಾಕರ-ಸೇನಾನಿ ವರ್ಷಗಟ್ಟಲೆ ಅವುಗಳ ಬೆನ್ನುಹತ್ತಿ ಸಾಕ್ಷ್ಯಚಿತ್ರ ತೆಗೆದರು. ಸೀಳುನಾಯಿಗಳು ಗುಂಪಾಗಿ ಬದುಕುತ್ತವೆ, ಒಂದೇ ಬೇಟೆಯನ್ನು ಹಂಚಿ ತಿನ್ನುತ್ತವೆ, ಒಂದರ ಮೂತಿಯನ್ನು ಇನ್ನೊಂದು ನೆಕ್ಕುತ್ತದೆ. ಗುಂಪಿನ ಒಂದಕ್ಕೆ ಅಂಟಿದ ವೈರಸ್‌ಗೆ ಇದಕ್ಕಿಂತ ಅನುಕೂಲ ಬೇರಿಲ್ಲ. ಇಥಿಯೋಪಿಯಾದ ಬಾಲೆ ಪರ್ವತಗಳಲ್ಲಿ 2003ರಲ್ಲಿ ಹಳ್ಳಿಯ ನಾಯಿಗಳಿಂದ ದಾಟಿದ ರೇಬೀಸ್ ಒಂದು ಕಣಿವೆಯ ತೋಳಗಳಲ್ಲಿ ಹೆಚ್ಚಿನವನ್ನು ಕೊಂದಿತು. ಜಗತ್ತಿನಲ್ಲಿ ಆ ಜಾತಿಯ ತೋಳಗಳು ಉಳಿದಿರುವುದೇ ಕೆಲವು ನೂರು. ನಾಯಿಗಳ ಇನ್ನೊಂದು ರೋಗ ಡಿಸ್ಟೆಂಪರ್, 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯ ಮೂರನೇ ಒಂದರಷ್ಟು ಸಿಂಹಗಳನ್ನು ಬಲಿ ತೆಗೆದುಕೊಂಡಿತು. ಹಾಗಾಗಿ ಕಾಡಂಚಿನ ನಾಯಿಗೆ ಚುಚ್ಚಿದ ಲಸಿಕೆ ಮನೆಯ ಮಗುವನ್ನೂ ಕಾಡಿನ ಪ್ರಾಣಿಯನ್ನೂ ಒಟ್ಟಿಗೇ ಕಾಯುತ್ತದೆ.

ಇನ್ನು ನಾಯಿ ಕಚ್ಚಿದವರ ಚಿಕಿತ್ಸೆಯ ಮಾತು. ಗುಂಡ್ಲುಪೇಟೆಯಿಂದ ಊಟಿ ದಾಟಿದರೆ ಸಿಗುವ ಕೂನೂರಿನಲ್ಲಿ 1907ರಿಂದ ಪಾಶ್ಚರ್ ಸಂಸ್ಥೆಯಿದೆ. ನಾಯಿ ಕಚ್ಚಿದವರು ಚಿಕಿತ್ಸೆಗೆ ಘಟ್ಟ ಹತ್ತುತ್ತಿದ್ದ ಕಾಲವೂ, ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯನ್ನು ಹೊಟ್ಟೆಗೆ ಸಾಲುಸಾಲಾಗಿ ಚುಚ್ಚುತ್ತಿದ್ದ ಕಾಲವೂ ಮುಗಿದಿವೆ. ಈಗ ತೋಳಿಗೆ ನಾಲ್ಕೈದು ಚುಚ್ಚುಮದ್ದು ಹಾಕುತ್ತಾರೆ. ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ವೈರಸ್ಸಿನ ಹೊರಗವಚ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಆಮೇಲೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಲಕ್ಷಣ ಶುರುವಾದ ಮೇಲೆ ಬದುಕಿದವರು ಅತಿ ವಿರಳ.

ನಾಯಿಯ ಜೊತೆ ದೋಣಿವಿಹಾರಕ್ಕೆ ಹೊರಡುವವರು ಮರಳುವ ದಿನದ ಬಗ್ಗೆ ಮೊದಲೇ ಯೋಚಿಸುವುದು ಒಳ್ಳೆಯದು. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮರುಲಸಿಕೆ ಹಾಕಿಸಬೇಕು. ಮೊದಲ ಚುಚ್ಚುಮದ್ದಿನ ಬಲ ದೇಹದಲ್ಲಿ ನೆಲೆಗೊಳ್ಳಲು ಮೂರು ವಾರ ಬೇಕು. ಆದ್ದರಿಂದ ಹೊರಡುವ ದಿನ ಬೆಳಗ್ಗೆ ಹಾಕಿಸಿದ ಲಸಿಕೆಯಿಂದ ಆ ಪ್ರವಾಸಕ್ಕೆ ಪ್ರಯೋಜನವಿಲ್ಲ. ತಿಂಗಳ ಮೊದಲು ಹಾಕಿಸಿದ್ದರೆ ನಾಯಿ ಯಾವ ದಡಕ್ಕೆ ಹೋಗಿಬಂದರೂ ಊರಿನ ಉಳಿದ ನಾಯಿಗಳಿಗೆ ಅದರಿಂದ ಅಪಾಯ ತೀರಾ ಕಡಿಮೆ.