ಅನ್ನ ಬಿಟ್ಟರೆ ಸಣ್ಣ ಆಗ್ತೀವಾ? ಎರಡು ತಿಂಗಳಿಗೆ 13 ಕೆಜಿ ಅನ್ನೋ ಪ್ಯಾಕೇಜಿನ ಲೆಕ್ಕ

(ಈ ವಾರದ ಸಂಚಿಕೆಯ ಬರಹ ರೂಪ)

ಇವತ್ತು ಊಟ ಮತ್ತು ತೂಕದ ವಿಷಯ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರೂ ಅಲ್ಲ, ಡಯಟೀಶಿಯನ್ನೂ ಅಲ್ಲ. ಓದಿದ್ದು ಬಿಕಾಂ. ಆದರೆ ಈ ವಿಷಯದಲ್ಲಿ ಅರ್ಧ ಗೊಂದಲ ಇರೋದು ಲೆಕ್ಕದ್ದೇ. ಹಾಗಾಗಿ ಲೆಕ್ಕ ಮಾತ್ರ ಮಾಡೋಣ.

ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಹೆಸರು ಹೇಳಲ್ಲ. "ಅಣ್ಣಾ, ನನ್ನ ಎತ್ತರ 158 ಸೆಂಟಿಮೀಟರ್, ತೂಕ 61. ಮನೇಲಿ ಗಂಡು ನೋಡ್ತಿದಾರೆ, ದಪ್ಪ ಆಗಿದೀಯ ಅಂತ ಎಲ್ಲರೂ ಹೇಳ್ತಾರೆ. ಆನ್‌ಲೈನ್ ಕೋಚ್ ಒಬ್ರು ಎರಡು ತಿಂಗಳಲ್ಲಿ 48ಕ್ಕೆ ಇಳಿಸ್ತೀನಿ ಅಂದಿದಾರೆ. 12 ಸಾವಿರ, ಇಎಂಐ ಇದೆ. ಅನ್ನ ಪೂರ್ತಿ ಬಂದ್, ಎರಡು ಹೊತ್ತು ಪೌಡರ್. ಸೇರಲಾ?"

ಒಂದೊಂದಾಗಿ ನೋಡೋಣ.

61 ಕೆಜಿ ಜಾಸ್ತಿನಾ?

ಬಿಎಂಐ ಅಂದ್ರೆ ಕೆಜಿಯಲ್ಲಿರೋ ತೂಕವನ್ನ ಮೀಟರಿನಲ್ಲಿರೋ ಎತ್ತರದ ವರ್ಗದಿಂದ ಭಾಗಿಸೋದು. 1.58 ಗುಣಿಸು 1.58 ಅಂದ್ರೆ ಸುಮಾರು 2.5. 61ನ್ನ ಅದರಿಂದ ಭಾಗಿಸಿದ್ರೆ 24.4. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ 25ರವರೆಗೂ ಸರಿ ಅಂತಲೇ ಲೆಕ್ಕ. ಆದರೆ ನಮ್ಮವರಿಗೆ ಕಡಿಮೆ ತೂಕದಲ್ಲೇ ಹೊಟ್ಟೆ ಸುತ್ತ ಕೊಬ್ಬು ಸೇರಿ ಶುಗರ್, ಬಿಪಿ ಶುರುವಾಗೋದು ಹೆಚ್ಚು. ಅದಕ್ಕೇ ಭಾರತೀಯರಿಗೆ 23 ದಾಟಿದ್ರೆ ಹೆಚ್ಚು ತೂಕ, 25 ದಾಟಿದ್ರೆ ಬೊಜ್ಜು ಅಂತ ಇಲ್ಲಿನ ತಜ್ಞರು ಇಟ್ಟುಕೊಂಡಿದ್ದಾರೆ.

ಅಂದ್ರೆ ಇವರು 57 ಕೆಜಿಗೆ ಬಂದ್ರೆ ಸಾಕು. ಇಳಿಸಬೇಕಾಗಿರೋದು ನಾಲ್ಕು ಕೆಜಿ, ಹದಿಮೂರಲ್ಲ. ತಕ್ಕಡಿಗಿಂತ ಮುಖ್ಯ ಟೈಲರ್ ಟೇಪ್. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಿದ್ರೆ ಎಚ್ಚರ ಆಗಬೇಕು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದಿರೋ ಹುಡುಗರೇ, ಇದು ನಿಮಗೂ ಹೇಳಿದ್ದು.

ಪ್ಯಾಕೇಜಿನ ಲೆಕ್ಕ ಟ್ಯಾಲಿ ಆಗುತ್ತಾ?

ಒಂದು ಕೆಜಿ ದೇಹದ ಕೊಬ್ಬಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತೆ. 13 ಕೆಜಿ ಅಂದ್ರೆ ಒಂದು ಲಕ್ಷ ಚಿಲ್ಲರೆ. 60 ದಿನಕ್ಕೆ ಹಂಚಿದ್ರೆ ದಿನಕ್ಕೆ 1,668 ಕ್ಯಾಲೊರಿ ಕೊರತೆ ಬೀಳಬೇಕು. ಈಗ ಖರ್ಚಿನ ಕಡೆ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ, ಅಂದ್ರೆ ಎನ್‌ಐಎನ್, 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ 55 ಕೆಜಿ ತೂಕದ, ಕೂತು ಕೆಲಸ ಮಾಡೋ ಹೆಣ್ಣುಮಗಳಿಗೆ ದಿನಕ್ಕೆ ಬೇಕಾಗಿರೋದು 1,660 ಕ್ಯಾಲೊರಿ. ಇವರದ್ದು ಸ್ವಲ್ಪ ಹೆಚ್ಚು ಇರಬಹುದು, ಅಷ್ಟೇ.

ಅಂದ್ರೆ ಎರಡು ತಿಂಗಳು ಹೆಚ್ಚುಕಮ್ಮಿ ಏನೂ ತಿನ್ನದೇ ಇದ್ದರೆ ಮಾತ್ರ ಈ ಲೆಕ್ಕ ಕೂಡುತ್ತೆ.

ಹಾಗಾದ್ರೆ ಮೊದಲ ವಾರ ಎರಡು ಕೆಜಿ ಇಳಿದೋರು ಇದಾರಲ್ಲ, ಅದು ಹೇಗೆ? ಅದು ಬಹುಪಾಲು ನೀರು. ನಾವು ತಿಂದ ಅನ್ನ, ಚಪಾತಿಯ ಒಂದಂಶವನ್ನ ದೇಹ ಗ್ಲೈಕೋಜನ್ ಅಂತ ಲಿವರಿನಲ್ಲೂ ಮಾಂಸಖಂಡದಲ್ಲೂ ಕೂಡಿಡುತ್ತೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತೆ. ಅನ್ನ ಬಿಟ್ಟ ತಕ್ಷಣ ಈ ದಾಸ್ತಾನು ಕರಗುತ್ತೆ, ನೀರು ಹೊರಗೆ ಹೋಗುತ್ತೆ, ತಕ್ಕಡಿ ಇಳಿಯುತ್ತೆ. ಮತ್ತೆ ನಾಲ್ಕು ದಿನ ಸರಿಯಾಗಿ ಉಂಡ್ರೆ ಅಷ್ಟೂ ವಾಪಸ್. ಡೆಪಾಸಿಟ್ ವಾಪಸ್ ಬಂದಿದ್ದನ್ನ ಲಾಭ ಅಂತ ತೋರಿಸಿದ ಹಾಗೆ ಇದು. ಆ ಮೊದಲ ವಾರದ ಸ್ಕ್ರೀನ್‌ಶಾಟೇ ಎಲ್ಲಾ ಜಾಹೀರಾತಿನಲ್ಲೂ ಕಾಣೋದು.

ತುಂಬಾ ವೇಗವಾಗಿ ಇಳಿಸಿದ್ರೆ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುತ್ತೆ. ಕೂದಲು ಉದುರಬಹುದು, ಮುಟ್ಟು ತಪ್ಪಬಹುದು, ಪಿತ್ತಕೋಶದಲ್ಲಿ ಕಲ್ಲು ಆಗಬಹುದು. ವಾರಕ್ಕೆ ಅರ್ಧ ಕೆಜಿ ಅನ್ನೋದು ಸುರಕ್ಷಿತ ಲೆಕ್ಕ. ನಾಲ್ಕು ಕೆಜಿಗೆ ಎರಡು ತಿಂಗಳು, ಇಲ್ಲಾ ಇನ್ನೂ ಸ್ವಲ್ಪ ಹೆಚ್ಚು. ಅದಕ್ಕೆ ಇಎಂಐ ಬೇಡ.

ಅನ್ನ ಅಪರಾಧಿನಾ?

ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ಗೋಧಿ ಹಿಟ್ಟಲ್ಲೂ ರಾಗಿಯಲ್ಲೂ ಸುಮಾರು 320. ವ್ಯತ್ಯಾಸ ಇಷ್ಟೇ. ಒಂದು ಕಪ್ ಅನ್ನವೂ ಎಣ್ಣೆ ಹಾಕದ ಎರಡು ಚಪಾತಿಯೂ ಎರಡೂ 200ರ ಆಸುಪಾಸು. ಚಪಾತಿಗೆ ಒಂದೊಂದು ಚಮಚ ಎಣ್ಣೆ ಸವರಿದ್ರೆ ಚಪಾತಿಯೇ ಅನ್ನವನ್ನ ದಾಟುತ್ತೆ. ಎಣ್ಣೆ ಗ್ರಾಂಗೆ ಒಂಬತ್ತು ಕ್ಯಾಲೊರಿ. ಪಿಷ್ಟ, ಸಕ್ಕರೆ, ಪ್ರೋಟೀನ್ ಎಲ್ಲಾ ಗ್ರಾಂಗೆ ನಾಲ್ಕು.

ಹಾಗಾದ್ರೆ ರಾಗಿ ಸುಮ್ನೆ ಬಿಲ್ಡಪ್ಪಾ? ಅಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದು ಹತ್ತರ ಹತ್ತಿರ. ನಾರಿನಂಶವೂ ರಾಗಿಯಲ್ಲಿ ಜಾಸ್ತಿ, ಹೊಟ್ಟೆ ಬೇಗ ಹಸಿಯಲ್ಲ. ಆದರೆ ರಾಗಿ ಅಂತ ಎರಡು ದೊಡ್ಡ ಮುದ್ದೆ ಹೊಡೆದು, ಆಮೇಲೆ ಅನ್ನವನ್ನೂ ಉಂಡ್ರೆ ಲೆಕ್ಕ ಕೂಡುತ್ತಲೇ ಹೋಗುತ್ತೆ.

ನಮ್ಮ ತಟ್ಟೆಯ ನಿಜವಾದ ಸಮಸ್ಯೆ ಪ್ರಮಾಣದ್ದು. ಪಿಜಿ ಊಟ ನೆನಪಿಸಿಕೊಳ್ಳಿ. ಗುಡ್ಡದಷ್ಟು ಅನ್ನ, ಮೇಲೆ ನೀರು ಸಾರು, ಪಕ್ಕದಲ್ಲಿ ಒಂದು ಚಮಚ ಪಲ್ಯ. ಧಾನ್ಯಗಳಿಂದ ಬರೋ ಕ್ಯಾಲೊರಿ 45 ಪರ್ಸೆಂಟ್ ದಾಟಬಾರದು ಅನ್ನುತ್ತೆ 2024ರಲ್ಲಿ ಐಸಿಎಂಆರ್ ಮತ್ತು ಎನ್‌ಐಎನ್ ಹೊರತಂದ ಆಹಾರ ಮಾರ್ಗಸೂಚಿ. ಉಳಿದಿದ್ದು ಬೇಳೆ ಕಾಳು, ತರಕಾರಿ, ಹಣ್ಣು, ಹಾಲು, ಕಡಲೆಬೀಜದಂಥವುಗಳಿಂದ ಬರಬೇಕು. ತಿನ್ನೋರಿಗೆ ಮೊಟ್ಟೆ, ಮೀನು, ಮಾಂಸ.

ಹಾಗಾಗಿ ಅನ್ನ ಬಂದ್ ಮಾಡಬೇಡಿ. ಅರ್ಧ ಮಾಡಿ. ಖಾಲಿಯಾದ ಜಾಗಕ್ಕೆ ಹುರುಳಿಕಾಳಿನ ಉಸಲಿ, ಹೆಸರುಬೇಳೆ ಕೋಸಂಬರಿ, ಸೊಪ್ಪಿನ ಪಲ್ಯ, ಒಂದು ಬಟ್ಟಲು ಮೊಸರು. ಪಿಜಿಯಲ್ಲಿ ಸಿಗದಿದ್ರೆ ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಸಿಡಿ, ಇಲ್ಲಾ ಎರಡು ಮೊಟ್ಟೆ ಬೇಯಿಸಿಕೊಳ್ಳಿ. ಇದಕ್ಕೆ ಪೌಡರಿನಷ್ಟು ದುಡ್ಡು ಬೇಕಿಲ್ಲ.

ಕಣ್ಣಿಗೆ ಬೀಳದ ಖರ್ಚು

ದಿನಕ್ಕೆ ನಾಲ್ಕು ಕಾಫಿ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದ್ಕೊಳ್ಳಿ. ಚಮಚಕ್ಕೆ ಐದು ಗ್ರಾಂ, ಒಟ್ಟು 40 ಗ್ರಾಂ. ದಿನಕ್ಕೆ 25 ಗ್ರಾಂ ಒಳಗಿದ್ರೆ ಒಳ್ಳೇದು ಅಂತಾರೆ. ಬೆಲ್ಲ, ಜೇನುತುಪ್ಪ ಹಾಕಿದ್ರೂ ಕ್ಯಾಲೊರಿಯಲ್ಲಿ ದೊಡ್ಡ ಬದಲಾವಣೆ ಇಲ್ಲ. ಬೆಳಿಗ್ಗೆ ಜೇನು ನಿಂಬೆ ಬಿಸಿನೀರು ಕೊಬ್ಬು ಕರಗಿಸಲ್ಲ. ಕುಡಿಯೋಕೆ ಚೆನ್ನಾಗಿರುತ್ತೆ, ಅಷ್ಟೇ.

ಇನ್ನು ಪ್ಯಾಕೆಟ್. ಮುಂದೆ ಬರೆದಿರೋದು ಜಾಹೀರಾತು, ಹಿಂದೆ ಬರೆದಿರೋದು ಲೆಕ್ಕಪತ್ರ. ಯಾವುದು ಹೆಚ್ಚು ತೂಕ ಇದೆಯೋ ಅದೇ ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರಬೇಕು ಅನ್ನೋದು ನಿಯಮ. ಮುಂದೆ ಮಲ್ಟಿಗ್ರೇನ್ ಅಂತಿದ್ದು, ಹಿಂದೆ ಮೊದಲ ಹೆಸರು ರಿಫೈನ್ಡ್ ವೀಟ್ ಫ್ಲೋರ್ ಅಂತಿದ್ರೆ ಅದು ಮೈದಾ ಬಿಸ್ಕತ್ತು. ಶುಗರ್‌ಫ್ರೀ ಅಂದ್ರೆ ಸಕ್ಕರೆ ಮಾತ್ರ ಇಲ್ಲ, ಮೈದಾ ಎಣ್ಣೆ ಎರಡೂ ಇರಬಹುದು. ಒಂದು ಸರ್ವಿಂಗ್‌ಗೆ ಇಷ್ಟೇ ಕ್ಯಾಲೊರಿ ಅಂತ ಬರೆದಿದ್ರೆ, ಆ ಸರ್ವಿಂಗ್ ಎಷ್ಟು ಗ್ರಾಂ ಅಂತ ನೋಡಿ. ಎರಡು ಬಿಸ್ಕತ್ತಿಗೆ ನಿಲ್ಲಿಸೋರು ಯಾರಿದಾರೆ? ಎರಡು ಬ್ರಾಂಡ್ ಹೋಲಿಸುವಾಗ ನೂರು ಗ್ರಾಂನ ಕಾಲಂ ಮಾತ್ರ ನೋಡಿ.

ಇನ್ನೊಂದು ವಿಷಯ. ನಮ್ಮ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹೆಲ್ತ್ ಡ್ರಿಂಕ್ ಅನ್ನೋದಕ್ಕೆ ವ್ಯಾಖ್ಯೆಯೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಪಾನೀಯಗಳನ್ನ ಆ ವಿಭಾಗದಿಂದ ತೆಗೀರಿ ಅಂತ ಸೂಚಿಸಿದ್ದು ಇದೇ ಕಾರಣಕ್ಕೆ.

ಏನು ಮಾಡಬೇಕು?

ಆ ಕೇಳುಗರಿಗೆ ನಾನು ಕಳಿಸಿದ ಉತ್ತರ ಇದು: ಸೇರಬೇಡಿ. ಅನ್ನ ಅರ್ಧ, ಕಾಳು ತರಕಾರಿ ಡಬಲ್, ಕಾಫಿಗೆ ಅರ್ಧ ಚಮಚ, ದಿನಾ ಮುಕ್ಕಾಲು ಗಂಟೆ ಜೋರು ನಡಿಗೆ. ಮುಟ್ಟು ಏರುಪೇರಾಗಿದ್ರೆ, ಸುಸ್ತಿದ್ರೆ, ಕಾರಣ ಇಲ್ಲದೆ ತೂಕ ಏರ್ತಿದ್ರೆ ಡಾಕ್ಟರನ್ನ ನೋಡಿ. ಥೈರಾಯ್ಡ್, ಪಿಸಿಒಎಸ್ ಇದ್ರೆ ಈ ಸಂಚಿಕೆ ಕೇಳಿ ಪ್ರಯೋಜನ ಇಲ್ಲ, ಚಿಕಿತ್ಸೆ ಬೇಕು. ಬಿಪಿ, ಶುಗರ್ ನೋಡೋಕೆ ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಎನ್‌ಸಿಡಿ ಕ್ಲಿನಿಕ್ ಇರುತ್ತೆ.

ಮತ್ತೆ "ದಪ್ಪ ಆಗಿದೀಯಲ್ಲ" ಅಂತ ಮಾತು ಶುರು ಮಾಡೋ ಅತ್ತೆ, ಚಿಕ್ಕಪ್ಪಂದಿರಿಗೆ ಒಂದು ಮಾತು. ನೀವು ತಮಾಷೆಗೆ ಅಂದ ಮಾತಿಗೆ ಒಂದು ಹುಡುಗಿ ಊಟ ಬಿಟ್ಟು 12 ಸಾವಿರ ಸಾಲ ಮಾಡೋಕೆ ಹೊರಟಿದ್ಲು. ಮುಂದಿನ ಸಲ "ಊಟ ಆಯ್ತಾ?" ಅಂತ ಕೇಳಿ, ಸಾಕು.

ಮುಂದಿನ ಸಂಚಿಕೆ ಪ್ರೋಟೀನ್ ಪೌಡರ್ ಬಗ್ಗೆ. ನಿಮ್ಮ ಡಬ್ಬದ ಹಿಂಭಾಗದ ಫೋಟೋ ಕಳಿಸಿ, ಒಟ್ಟಿಗೆ ಓದೋಣ. ಸಿಗೋಣ.